ಸೊಳ್ಳೆಯ ಲೆಕ್ಕ

ಮುಂಗಾರು ಮಳೆ ಹಿಂದೆ ಸರಿಯುವ ಕಾಲಕ್ಕೆ ಬೀದರ್ ಜಿಲ್ಲೆಯ ಹಳ್ಳಿಖೇಡ (ಬಿ) ಯಂತಹ ಊರುಗಳ ಸುತ್ತ ಹಳ್ಳಕೊಳ್ಳಗಳು ತುಂಬಿಕೊಂಡಿರುತ್ತವೆ. ಹೊಲದ ಬದುಗಳ ತಗ್ಗುಗಳಲ್ಲಿ, ಬಳಕೆ ತಪ್ಪಿದ ಬಾವಿಗಳಲ್ಲಿ, ಮನೆಯ ಹಿತ್ತಲಿನ ಕಲ್ಲುಬಾನಿಗಳಲ್ಲಿ ನೀರು ನಿಲ್ಲುತ್ತದೆ. ಹಿಂದಿನ ಕಾಲದಲ್ಲಿ ಜನರು ಚಳಿಜ್ವರಕ್ಕೆ ಹೆದರುತ್ತಿದ್ದುದು ಇಂತಹ ದಿನಗಳಲ್ಲಿಯೇ. ಮೊದಲು ಹಲ್ಲು ಕಟಕಟಿಸುವ ಚಳಿ, ಬಳಿಕ ಮೈ ಸುಡುವ ಜ್ವರ, ಕೊನೆಗೆ ಧಾರಾಕಾರವಾದ ಬೆವರು. ಒಂದು ದಿನ ಬಿಟ್ಟು ಒಂದು ದಿನ ತಪ್ಪದೆ ಮರಳಿ ಬರುತ್ತಿದ್ದ ಈ ಜ್ವರವು ದುಡಿಯುವ ಕೈಗಳ ಬಲವನ್ನು ಹೀರಿಬಿಡುತ್ತಿತ್ತು. ಮಕ್ಕಳ ಪ್ರಾಣವನ್ನು ಕೊಂಡೊಯ್ಯುತ್ತಿತ್ತು. ಕೆಟ್ಟ ಗಾಳಿಯಿಂದ ಅದು ಬರುತ್ತದೆ ಎಂಬ ನಂಬಿಕೆ ಲೋಕದಲ್ಲೆಲ್ಲ ಹರಡಿತ್ತು. ಮಲೇರಿಯಾ ಎಂಬ ಇಟಲಿಯ ಹೆಸರಿನ ಅರ್ಥವೂ ಕೆಟ್ಟ ಗಾಳಿ ಎಂದೇ.

ಹಳ್ಳಿಖೇಡ, ಹುಮನಾಬಾದ್, ಬಸವಕಲ್ಯಾಣದ ಸೀಮೆಯೆಲ್ಲ ಅಂದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಸೀಮೆಯಿಂದ ಸುಮಾರು ನೂರೈವತ್ತು ಕಿಲೋಮೀಟರು ಪೂರ್ವಕ್ಕೆ, ಅದೇ ಸಂಸ್ಥಾನದೊಳಗಿದ್ದ ಸಿಕಂದರಾಬಾದಿನ ದಂಡಿನಲ್ಲಿ, 1897ನೆಯ ಇಸವಿಯ ಆಗಸ್ಟ್ 20ರಂದು ಈ ಜ್ವರದ ಗುಟ್ಟು ಬಯಲಾಯಿತು. ಅದನ್ನು ಬಯಲು ಮಾಡಿದ ವೈದ್ಯರು ಸರ್ ರೊನಾಲ್ಡ್ ರಾಸ್. ಮಲೇರಿಯಾವನ್ನು ಹರಡುವುದು ಸೊಳ್ಳೆ ಎಂದು ತೋರಿಸಿಕೊಟ್ಟವರು ಎಂಬುದಾಗಿ ಲೋಕವು ಅವರನ್ನು ನೆನೆಯುತ್ತದೆ. ಆದರೆ ಅವರು ಮಾಡಿದ ಇನ್ನೊಂದು ಕಾರ್ಯವು ಅಷ್ಟೇ ಹಿರಿದಾದದ್ದು. ರೋಗವನ್ನು ಅಳೆಯಬಹುದು, ಅಳತೆಯ ಆಧಾರದ ಮೇಲೆ ಅದರ ಮುಂದಿನ ನಡೆಯನ್ನು ಲೆಕ್ಕ ಹಾಕಬಹುದು ಎಂಬುದನ್ನು ಅವರು ತೋರಿಸಿಕೊಟ್ಟರು. ಸೊಳ್ಳೆಯನ್ನು ಕಂಡುಹಿಡಿದ ರಾಸ್ ಎಲ್ಲರಿಗೂ ಗೊತ್ತು. ಸೊಳ್ಳೆಯ ಲೆಕ್ಕ ಬಿಡಿಸಿದ ರಾಸ್ ಹಲವರಿಗೆ ಗೊತ್ತಿಲ್ಲ.

ರೊನಾಲ್ಡ್ ರಾಸ್ ಹುಟ್ಟಿದ್ದು ಭಾರತದಲ್ಲಿಯೇ. ಹಿಮಾಲಯದ ಮಡಿಲಿನ ಅಲ್ಮೋರಾದಲ್ಲಿ 1857ರ ಮೇ 13ರಂದು ಅವರ ಜನನವಾಯಿತು. ತಂದೆ ಸೈನ್ಯದಲ್ಲಿ ದೊಡ್ಡ ಅಧಿಕಾರಿ. ಎಂಟು ವರ್ಷದ ಬಾಲಕನನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಹುಡುಗನಿಗೆ ಚಿತ್ರ, ಸಂಗೀತ, ಕಾವ್ಯ ಇವುಗಳಲ್ಲಿ ಅಪಾರ ಆಸಕ್ತಿ. ಗಣಿತದಲ್ಲಿಯೂ ಅವನು ಬಹುಮಾನ ಪಡೆದಿದ್ದನು. ಕವಿಯೋ ಚಿತ್ರಕಾರನೋ ಆಗಬೇಕೆಂಬುದು ಅವನ ಹಂಬಲ; ಮಗನು ವೈದ್ಯನಾಗಿ ಭಾರತದ ಸೇವೆಗೆ ಸೇರಬೇಕೆಂಬುದು ತಂದೆಯ ಇಚ್ಛೆ. ಕೊನೆಗೆ ತಂದೆಯ ಇಚ್ಛೆಯೇ ಗೆದ್ದಿತು. 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾರ್ಥಿಯಾಗಿ ಸೇರಿದ ತರುಣನು ಓದಿನಲ್ಲಿ ಅಷ್ಟೇನೂ ಮುಂದಿರಲಿಲ್ಲ. ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ, ಕೆಲವು ಕಾಲ ಹಡಗಿನ ವೈದ್ಯನಾಗಿ ದುಡಿದು, ಮತ್ತೆ ಪರೀಕ್ಷೆಗೆ ಕುಳಿತು 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಆಯ್ಕೆಯಾದನು. ಮದರಾಸು ಪ್ರಾಂತದಲ್ಲಿ ಅವನ ಸೇವೆ ಆರಂಭವಾಯಿತು. ಕೆಲಸದ ಹೊರೆ ಹೆಚ್ಚಿರಲಿಲ್ಲ. ಬಿಡುವಿನ ವೇಳೆಯಲ್ಲಿ ಅವನು ಪದ್ಯಗಳನ್ನು ರಚಿಸಿದನು. ಗಣಿತದ ಗ್ರಂಥಗಳನ್ನು ತರಿಸಿಕೊಂಡು ಗುರುವಿನ ನೆರವಿಲ್ಲದೆ ಓದಿದನು. ಈ ಗಣಿತವು ಮುಂದೆ ಜ್ವರದ ಚಿಕಿತ್ಸೆಗೆ ನೆರವಾದೀತೆಂದು ಆಗ ಯಾರೂ ಭಾವಿಸಿರಲಾರರು.

1883ರಲ್ಲಿ ರಾಸ್ ಅವರಿಗೆ ಬೆಂಗಳೂರಿನ ದಂಡಿಗೆ ವರ್ಗವಾಯಿತು. ಅಲ್ಲಿ ಅವರು ವಾಸವಾಗಿದ್ದ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಜೊತೆಗಾರರ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲಿಯೇ ಸೊಳ್ಳೆಗಳು ಹೆಚ್ಚಾಗಿರುವುದನ್ನು ಅವರು ಗಮನಿಸಿದರು. ಬೇರೆಯವರಾಗಿದ್ದರೆ ಬೇಸರಪಟ್ಟು ಸುಮ್ಮನಾಗುತ್ತಿದ್ದರು. ರಾಸ್ ಅವರು ಕಾರಣವನ್ನು ಹುಡುಕಿದರು. ಕಿಟಕಿಯ ಹೊರಗೆ ನೀರು ತುಂಬಿದ ಒಂದು ತೊಟ್ಟಿ ಇತ್ತು. ಬಗ್ಗಿ ನೋಡಿದಾಗ ಅದರಲ್ಲಿ ಸೊಳ್ಳೆಯ ಮರಿಹುಳುಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಬರಿದು ಮಾಡಿದ ಮೇಲೆ ಕೋಣೆಯ ಸೊಳ್ಳೆಗಳು ತಗ್ಗಿದವು. ದಂಡಿನ ಮನೆಗಳಲ್ಲೆಲ್ಲ ಹೀಗೆಯೇ ನಿಂತ ನೀರನ್ನು ಚೆಲ್ಲಿಸಬಹುದಲ್ಲವೇ ಎಂದು ಅವರು ಮೇಲಧಿಕಾರಿಗೆ ಸೂಚಿಸಿದರು. ಆ ಅಧಿಕಾರಿ ಅದನ್ನು ನಗೆಯ ಮಾತೆಂದು ತಳ್ಳಿಹಾಕಿದನು. ಸೊಳ್ಳೆಗೂ ಜ್ವರಕ್ಕೂ ನಂಟುಂಟೆಂದು ಅಂದು ರಾಸ್ ಅವರಿಗೂ ತಿಳಿದಿರಲಿಲ್ಲ. ಆದರೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಹೋಲಿಸಿ ನೋಡುವ ಬುದ್ಧಿಯು ಬೆಂಗಳೂರಿನ ಆ ತೊಟ್ಟಿಯ ಬಳಿ ಮೊಳಕೆಯೊಡೆಯಿತು.

ಆ ವೇಳೆಗಾಗಲೇ ಆಲ್ಜೀರಿಯಾದಲ್ಲಿದ್ದ ಲಾವೆರಾನ್ ಎಂಬ ಫ್ರೆಂಚ್ ವೈದ್ಯನು ಚಳಿಜ್ವರದ ರೋಗಿಗಳ ನೆತ್ತರಿನಲ್ಲಿ ಒಂದು ಸೂಕ್ಷ್ಮಜೀವಿಯನ್ನು 1880ರಲ್ಲಿ ಕಂಡಿದ್ದನು. ಆ ಜೀವಿಯು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೇಗೆ ದಾಟುತ್ತದೆ ಎಂಬುದು ಒಗಟಾಗಿಯೇ ಉಳಿದಿತ್ತು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋಗಿದ್ದ ರಾಸ್ ಅವರಿಗೆ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರ ಪರಿಚಯವಾಯಿತು. ಮ್ಯಾನ್ಸನ್ ಅವರು ಸೂಕ್ಷ್ಮದರ್ಶಕದಲ್ಲಿ ಆ ಜೀವಿಯನ್ನು ರಾಸ್ ಅವರಿಗೆ ತೋರಿಸಿದರು; ಅದು ಸೊಳ್ಳೆಯ ಮೈಯೊಳಗೆ ಬೆಳೆಯುತ್ತಿರಬಹುದೆಂಬ ತಮ್ಮ ಊಹೆಯನ್ನು ತಿಳಿಸಿದರು. ಊಹೆಯನ್ನು ಪರೀಕ್ಷಿಸುವ ಹೊಣೆಯನ್ನು ಶಿಷ್ಯರು ಹೊತ್ತರು. 1895ರಲ್ಲಿ ಸಿಕಂದರಾಬಾದಿಗೆ ಮರಳಿದ ರಾಸ್ ಅವರು ಸೊಳ್ಳೆಗಳನ್ನು ಹಿಡಿದು, ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸದಲ್ಲಿ ಮುಳುಗಿಹೋದರು.

ನಡುವೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾಲರಾ ಕಾಣಿಸಿಕೊಂಡಿತು. ಅದನ್ನು ಅಡಗಿಸಲು ಸರ್ಕಾರವು ರಾಸ್ ಅವರನ್ನು ಅಲ್ಲಿಗೆ ಕಳುಹಿಸಿತು. ಒಂದು ವರ್ಷಕ್ಕೂ ಮಿಗಿಲಾದ ಕಾಲ ಅವರು ಆ ನಗರದ ಬಾವಿ, ಚರಂಡಿ, ಕೇರಿಗಳನ್ನು ಸುತ್ತಿದರು. ಊರಿನ ಆರೋಗ್ಯವು ವೈದ್ಯನ ಔಷಧದ ಪೆಟ್ಟಿಗೆಯಲ್ಲಿ ಮಾತ್ರವೇ ಇಲ್ಲ, ಊರಿನ ನೀರು, ಕಸ, ಲೆಕ್ಕಪತ್ರ ಇವುಗಳಲ್ಲಿಯೂ ಇದೆ ಎಂಬ ಪಾಠವನ್ನು ಬೆಂಗಳೂರು ಅವರಿಗೆ ಕಲಿಸಿತು.

1897ರ ಬೇಸಗೆಯ ಬಳಿಕ ರಾಸ್ ಅವರು ಮತ್ತೆ ಸಿಕಂದರಾಬಾದಿಗೆ ಬಂದರು. ಬೇಗಂಪೇಟೆಯ ಸಣ್ಣ ಆಸ್ಪತ್ರೆಯೇ ಅವರ ಪ್ರಯೋಗಶಾಲೆ. ಸೆಕೆ ತಡೆಯಲಾಗದಷ್ಟಿತ್ತು. ಪಂಕಾ ಬೀಸಿಸಿದರೆ ಸೀಳಿಟ್ಟ ಸೊಳ್ಳೆಗಳು ಹಾರಿಹೋಗುತ್ತಿದ್ದುದರಿಂದ ಗಾಳಿಯಿಲ್ಲದೆಯೇ ಗಂಟೆಗಟ್ಟಲೆ ಕುಳಿತಿರಬೇಕಾಗಿತ್ತು. ಹಣೆಯಿಂದ ಇಳಿದ ಬೆವರಿನಿಂದ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ನೂರಾರು ಸೊಳ್ಳೆಗಳನ್ನು ಸೀಳಿ ನೋಡಿದರೂ ಫಲ ಸಿಗಲಿಲ್ಲ. ಅವರು ನೋಡುತ್ತಿದ್ದುದು ಬೇರೆ ಜಾತಿಯ ಸೊಳ್ಳೆಗಳನ್ನು. ಆಗಸ್ಟ್ ತಿಂಗಳಿನಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಹೊಸ ಬಗೆಯ ಸೊಳ್ಳೆಗಳು ಅವರಿಗೆ ದೊರೆತವು. ಹುಸೇನ್ ಖಾನ್ ಎಂಬ ರೋಗಿಯು ಅವುಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದನು. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದೊಂದು ಆಣೆಯಂತೆ ಅವನಿಗೆ ಹಣ ಸಂದಿತು. ನಾಲ್ಕು ದಿನಗಳ ಬಳಿಕ, ಆಗಸ್ಟ್ 20ರಂದು, ಬದುಕುಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದನ್ನು ಸೀಳಿದಾಗ ಅದರ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಂಡವು. ಆ ಕಪ್ಪು ಕಣಗಳು ಮಲೇರಿಯಾ ಜೀವಿಯ ಗುರುತು. ಮರುದಿನ ಸೀಳಿದ ಇನ್ನೊಂದು ಸೊಳ್ಳೆಯಲ್ಲಿ ಆ ಕೋಶಗಳು ಮತ್ತಷ್ಟು ದೊಡ್ಡದಾಗಿದ್ದವು. ಜೀವಿಯು ಸೊಳ್ಳೆಯೊಳಗೆ ಬೆಳೆಯುತ್ತಿತ್ತು!

ಮುಂದಿನ ವರ್ಷ ಕಲ್ಕತ್ತೆಯಲ್ಲಿ ರಾಸ್ ಅವರು ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸಿದರು. 1898ರ ಜುಲೈಯಲ್ಲಿ ಆ ಜೀವಿಯು ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರಿ, ಕಚ್ಚಿದಾಗ ಆರೋಗ್ಯವಂತ ಹಕ್ಕಿಯ ನೆತ್ತರನ್ನು ಹೊಗುವುದೆಂಬುದು ಖಚಿತವಾಯಿತು. ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗ್ರಾಸ್ಸಿ ಮತ್ತು ಅವರ ಸಂಗಡಿಗರು ಮನುಷ್ಯರ ಮಲೇರಿಯಾದಲ್ಲಿಯೂ ಇದು ಹೀಗೆಯೇ ನಡೆಯುವುದೆಂದು ತೋರಿಸಿದರು. ಮೊದಲಿಗರು ಯಾರು ಎಂಬ ಕುರಿತು ರಾಸ್ ಅವರಿಗೂ ಗ್ರಾಸ್ಸಿಯವರಿಗೂ ಕಹಿಯಾದ ಜಗಳವೇ ನಡೆಯಿತು. ರಾಸ್ ಅವರು ಮುಂಗೋಪಿಗಳು. ತಮಗಾದ ಅನ್ಯಾಯವೆಂದು ತೋರಿದ್ದನ್ನು ಸುಲಭವಾಗಿ ಮರೆಯುವವರಲ್ಲ. ದೊಡ್ಡವರಲ್ಲಿಯೂ ಇಂತಹ ಕುಂದುಗಳಿರುತ್ತವೆ. 1902ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ರಾಸ್ ಅವರಿಗೆ ಲಭಿಸಿತು.

ಇಷ್ಟಕ್ಕೆ ನಿಂತಿದ್ದರೂ ಅವರ ಕೀರ್ತಿಗೆ ಕೊರತೆಯಿರಲಿಲ್ಲ. ಆದರೆ ರಾಸ್ ಅವರ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆ ಎದ್ದಿತು. ಶತ್ರು ಯಾರೆಂದು ತಿಳಿಯಿತು. ಅವನನ್ನು ಗೆಲ್ಲುವುದು ಹೇಗೆ? 1899ರಲ್ಲಿ ಭಾರತದ ಸೇವೆಯನ್ನು ಬಿಟ್ಟು ಲಿವರ್‌ಪೂಲಿನ ಉಷ್ಣವಲಯದ ವೈದ್ಯವಿದ್ಯಾಲಯವನ್ನು ಸೇರಿದ ಅವರು, ಆಫ್ರಿಕದ ಸಿಯೆರಾ ಲಿಯೋನ್ ಮೊದಲಾದ ನಾಡುಗಳಿಗೆ ಹೋಗಿ, ನಿಂತ ನೀರನ್ನು ಬತ್ತಿಸಿ ಸೊಳ್ಳೆಗಳನ್ನು ತಗ್ಗಿಸಿರೆಂದು ಬೋಧಿಸಿದರು. ಈಜಿಪ್ಟಿನ ಸೂಯೆಜ್ ಕಾಲುವೆಯ ದಡದಲ್ಲಿರುವ ಇಸ್ಮಾಯಿಲಿಯಾ ನಗರದಲ್ಲಿ ಅವರ ಸಲಹೆಯಂತೆ ಕಾರ್ಯ ನಡೆಯಿತು. ವರ್ಷಕ್ಕೆ ಎರಡು ಸಾವಿರದ ಸಮೀಪದಲ್ಲಿದ್ದ ರೋಗಿಗಳ ಸಂಖ್ಯೆ 1904ರ ವೇಳೆಗೆ ನೂರಕ್ಕಿಂತ ಕೆಳಗಿಳಿಯಿತು.

ಆದರೆ ಎಲ್ಲೆಡೆಯೂ ಹೀಗಾಗಲಿಲ್ಲ. ಲಾಹೋರಿನ ಬಳಿಯ ಮಿಯಾನ್ ಮೀರ್ ಎಂಬ ದಂಡಿನ ಪ್ರದೇಶದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಂತಹದೇ ಒಂದು ಪ್ರಯೋಗ ನಡೆಯಿತು. ತಗ್ಗುಗಳನ್ನು ಮುಚ್ಚಿಸಿದರು; ಕಾಲುವೆಗಳನ್ನು ತೆರವು ಮಾಡಿಸಿದರು. ಆದರೂ ಜ್ವರವು ನಿರೀಕ್ಷಿಸಿದಷ್ಟು ತಗ್ಗಲಿಲ್ಲವೆಂದು ವರದಿಯಾಯಿತು. ಲೋಕದ ಸೊಳ್ಳೆಗಳನ್ನೆಲ್ಲ ಕೊಲ್ಲುವುದು ಸಾಧ್ಯವೇ, ಒಂದು ತಗ್ಗನ್ನು ಮುಚ್ಚಿದರೆ ನೆರೆಯ ಹೊಲದಿಂದ ಸೊಳ್ಳೆಗಳು ಹಾರಿಬರುವುದಿಲ್ಲವೇ ಎಂದು ಹಲವರು ಕೇಳಿದರು. ಸರ್ಕಾರಗಳು ಹಣ ನೀಡಲು ಹಿಂಜರಿದವು. ಇದು ವಿದ್ವಾಂಸರ ಬರಿಯ ವಾದವಾಗಿರಲಿಲ್ಲ. ಸೊಳ್ಳೆಯ ಮೇಲಿನ ಯುದ್ಧವು ನಿಷ್ಫಲವೆಂದು ತೀರ್ಮಾನವಾಗಿದ್ದರೆ ಲಕ್ಷಾಂತರ ಜನರ ಬಾಳು ಜ್ವರಕ್ಕೆ ಮೀಸಲಾಗಿಯೇ ಉಳಿಯುತ್ತಿತ್ತು.

ಮಿಯಾನ್ ಮೀರಿನ ಪ್ರಯೋಗದಲ್ಲಿ ಅಳತೆಯೇ ಸರಿಯಾಗಿ ನಡೆದಿಲ್ಲವೆಂಬುದು ರಾಸ್ ಅವರ ಆಕ್ಷೇಪ. ಕೆಲಸಕ್ಕೆ ಮೊದಲು ಸೊಳ್ಳೆಗಳೆಷ್ಟಿದ್ದವು, ಆಮೇಲೆ ಎಷ್ಟಾದವು? ತೆರವು ಮಾಡಿದ ಪ್ರದೇಶದ ವಿಸ್ತಾರ ಸಾಕಾಗಿತ್ತೇ? ಇವುಗಳಿಗೆ ಉತ್ತರವಿಲ್ಲದೆ ಗೆಲುವನ್ನೂ ಹೇಳಲಾಗದು, ಸೋಲನ್ನೂ ಹೇಳಲಾಗದು. ಕೋಪದಿಂದ ಈ ವಾದವನ್ನು ಗೆಲ್ಲಲಾಗದೆಂದು ಅರಿತ ಅವರು ಮದರಾಸಿನಲ್ಲಿ ಓದಿದ್ದ ಗಣಿತಕ್ಕೆ ಮೊರೆಹೊಕ್ಕರು.

ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ 1904ರಲ್ಲಿ ನಡೆದ ವಿದ್ವಾಂಸರ ಸಮ್ಮೇಳನದಲ್ಲಿ ರಾಸ್ ಅವರು ಈ ಸಮಸ್ಯೆಯ ಮೊದಲ ಭಾಗವನ್ನು ಎತ್ತಿಕೊಂಡರು. ಒಂದು ಕುಂಟೆಯಲ್ಲಿ ಹುಟ್ಟಿದ ಸೊಳ್ಳೆಯು ತನ್ನ ಬಾಳಿನಲ್ಲಿ ಎಷ್ಟು ದೂರ ಹೋಗಬಲ್ಲುದು? ಕಣ್ಣಿಗೆ ಬಟ್ಟೆ ಕಟ್ಟಿದ ಹುಡುಗನೊಬ್ಬನನ್ನು ಬಯಲಿನಲ್ಲಿ ಬಿಟ್ಟರೆ ಅವನು ಮುಂದಕ್ಕೆ ಕೆಲವು ಹೆಜ್ಜೆ, ಪಕ್ಕಕ್ಕೆ ಕೆಲವು ಹೆಜ್ಜೆ, ಹಿಂದಕ್ಕೆ ಕೆಲವು ಹೆಜ್ಜೆ ಇಡುತ್ತಾನೆ. ನೂರು ಹೆಜ್ಜೆ ನಡೆದರೂ ಹೊರಟ ಜಾಗದಿಂದ ನೂರು ಹೆಜ್ಜೆ ದೂರ ಹೋಗಿರುವುದಿಲ್ಲ. ಗೊತ್ತುಗುರಿಯಿಲ್ಲದೆ ಹಾರುವ ಸೊಳ್ಳೆಯ ಗತಿಯೂ ಹೀಗೆಯೇ. ಹೆಚ್ಚಿನವು ಹುಟ್ಟಿದ ಕಡೆಯ ಸುತ್ತಮುತ್ತಲೇ ಸಾಯುತ್ತವೆ. ಆದುದರಿಂದ ಸಾಕಷ್ಟು ವಿಶಾಲವಾದ ಪ್ರದೇಶವನ್ನು ತೆರವು ಮಾಡಿದರೆ ಅದರ ನಡುವೆ ವಾಸಿಸುವವರಿಗೆ ರಕ್ಷಣೆ ದೊರೆಯುತ್ತದೆ. ಪ್ರದೇಶವು ತೀರ ಚಿಕ್ಕದಾದರೆ ಹೊರಗಿನ ಸೊಳ್ಳೆಗಳು ಬಂದು ತುಂಬುತ್ತವೆ. ಈ ಪ್ರಶ್ನೆಯು ಮರುವರ್ಷವೇ ಕಾರ್ಲ್ ಪಿಯರ್ಸನ್ ಎಂಬ ಗಣಿತಜ್ಞರ ಮೂಲಕ ಲೋಕದ ವಿದ್ವಾಂಸರ ಮುಂದೆ ಬಂದು, ಗಣಿತದಲ್ಲಿ ಒಂದು ಹೊಸ ಶಾಖೆಯು ಬೆಳೆಯಲು ನೆರವಾಯಿತು.

1907ರ ಕೊನೆಯಲ್ಲಿ ಬ್ರಿಟಿಷ್ ಸರ್ಕಾರವು ರಾಸ್ ಅವರನ್ನು ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪಕ್ಕೆ ಕಳುಹಿಸಿತು. ಕಬ್ಬಿನ ತೋಟಗಳ ಆ ದ್ವೀಪದಲ್ಲಿ ಭಾರತದಿಂದ ಹೋದ ಕೂಲಿಕಾರರ ಸಂತತಿಯವರು ಬಹುಸಂಖ್ಯೆಯಲ್ಲಿದ್ದರು. 1867ರ ಸುಮಾರಿಗೆ ಅಲ್ಲಿ ಕಾಲಿಟ್ಟಿದ್ದ ಮಲೇರಿಯಾವು ಹತ್ತಾರು ಸಾವಿರ ಜನರನ್ನು ಬಲಿತೆಗೆದುಕೊಂಡಿತ್ತು. ರಾಸ್ ಅವರು ಅಲ್ಲಿ ಮೊದಲು ಮಾಡಿದ ಕೆಲಸ ಅಳತೆ. ಮಲೇರಿಯಾ ಪದೇ ಪದೇ ತಗಲಿದ ಮಕ್ಕಳಲ್ಲಿ ಹೊಟ್ಟೆಯ ಎಡಭಾಗದ ಗುಲ್ಮವು ಊದಿಕೊಳ್ಳುತ್ತದೆ. ವೈದ್ಯನು ಕೈಯಿಂದ ಮುಟ್ಟಿಯೇ ಇದನ್ನು ತಿಳಿಯಬಹುದು. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಗುಲ್ಮ ಊದಿದೆ ಎಂಬ ಸಂಖ್ಯೆಯು ಆ ಊರಿನ ಮಲೇರಿಯಾದ ಅಳತೆಗೋಲು. ಈ ಉಪಾಯವು ಹೊಸದೇನಲ್ಲ. ಉತ್ತರ ಭಾರತದ ಯಮುನಾ ಕಾಲುವೆಯ ಬಳಿಯ ಹಳ್ಳಿಗಳಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯನು 1840ರ ದಶಕದಲ್ಲಿಯೇ ಇದನ್ನು ಬಳಸಿದ್ದನು. ಶಾಲೆ ಶಾಲೆಗೆ, ತೋಟ ತೋಟಕ್ಕೆ ಹೋಗಿ ಮಕ್ಕಳನ್ನು ಪರೀಕ್ಷಿಸಿದ್ದರಿಂದ ದ್ವೀಪದ ಯಾವ ಭಾಗದಲ್ಲಿ ಜ್ವರ ಎಷ್ಟಿದೆ ಎಂಬುದು ಸ್ಪಷ್ಟವಾಯಿತು.

ಬಳಿಕ ಅವರು ಲೆಕ್ಕಕ್ಕೆ ಕುಳಿತರು. ಅವರ ಲೆಕ್ಕದ ದಾರಿಯನ್ನು ಯಾವ ವಿದ್ಯಾರ್ಥಿಯಾದರೂ ಹಿಂಬಾಲಿಸಬಹುದು. ಸಾವಿರ ಜನರಿರುವ ಒಂದು ಹಳ್ಳಿಯಲ್ಲಿ ಒಬ್ಬನೇ ರೋಗಿ ಇದ್ದಾನೆಂದು ಭಾವಿಸೋಣ. ಹಳ್ಳಿಯ ಎಲ್ಲ ಸೊಳ್ಳೆಗಳಿಗೂ ಮನುಷ್ಯರನ್ನು ಕಚ್ಚುವ ಅವಕಾಶ ಸಿಗುವುದಿಲ್ಲ. ನಾಲ್ಕರಲ್ಲಿ ಒಂದಕ್ಕೆ ಸಿಗಬಹುದು. ಹಾಗೆ ಕಚ್ಚಿದ ಸಾವಿರ ಸೊಳ್ಳೆಗಳಲ್ಲಿ ಒಂದು ಮಾತ್ರ ರೋಗಿಯನ್ನು ಕಚ್ಚಿರುತ್ತದೆ. ರೋಗದ ಜೀವಿಯು ಸೊಳ್ಳೆಯೊಳಗೆ ಬಲಿಯಲು ಹತ್ತು ದಿನಗಳಷ್ಟು ಕಾಲ ಬೇಕು. ಅಷ್ಟು ದಿನ ಬದುಕುವ ಸೊಳ್ಳೆ ಮೂರರಲ್ಲಿ ಒಂದು. ಹಾಗೆ ಬದುಕಿದವುಗಳಲ್ಲಿ ಮತ್ತೆ ಮನುಷ್ಯನನ್ನು ಕಚ್ಚುವ ಅವಕಾಶ ಸಿಗುವುದು ನಾಲ್ಕರಲ್ಲಿ ಒಂದಕ್ಕೆ. ಈ ನಾಲ್ಕು ಸಂಖ್ಯೆಗಳನ್ನು ಗುಣಿಸಿದರೆ, ಅಂದರೆ ನಾಲ್ಕು, ಸಾವಿರ, ಮೂರು, ನಾಲ್ಕು ಇವುಗಳನ್ನು ಗುಣಿಸಿದರೆ, ಸಿಗುವ ಉತ್ತರ 48,000. ಒಬ್ಬ ರೋಗಿಯಿಂದ ಒಬ್ಬ ಹೊಸ ರೋಗಿ ಉಂಟಾಗಲು ಆ ಹಳ್ಳಿಯಲ್ಲಿ ಒಂದು ತಿಂಗಳಿಗೆ ನಲವತ್ತೆಂಟು ಸಾವಿರ ಸೊಳ್ಳೆಗಳು ಬೇಕು. ಒಂದು ಸೊಳ್ಳೆಯಿಂದ ಒಂದು ರೋಗ ಎಂದು ತಿಳಿದವರಿಗೆ ಈ ಸಂಖ್ಯೆಯು ಅಚ್ಚರಿ ತರುವಂತಹದು.

ಲೆಕ್ಕವು ಇಲ್ಲಿಗೆ ಮುಗಿಯಲಿಲ್ಲ. ರೋಗವು ಒಂದು ಕಡೆ ಹೊಸಬರಿಗೆ ತಗಲುತ್ತಿದ್ದರೆ ಇನ್ನೊಂದು ಕಡೆ ಹಳೆಯ ರೋಗಿಗಳು ಗುಣ ಹೊಂದುತ್ತಿರುತ್ತಾರೆ. ತೂತುಬಿದ್ದ ಕೊಡಕ್ಕೆ ನೀರು ತುಂಬಿದಂತೆ ಇದು. ಮೇಲಿನಿಂದ ಬೀಳುವ ನೀರು ತೂತಿನಿಂದ ಸೋರುವುದಕ್ಕಿಂತ ಹೆಚ್ಚಾದರೆ ಕೊಡ ತುಂಬುತ್ತದೆ, ಕಡಿಮೆಯಾದರೆ ಬರಿದಾಗುತ್ತದೆ. ಉದಾಹರಣೆಗಾಗಿ, ಒಬ್ಬ ರೋಗಿಯು ಗುಣವಾಗಲು ಮೂರು ತಿಂಗಳು ಬೇಕೆಂದು ಇಟ್ಟುಕೊಳ್ಳೋಣ. ಹಳ್ಳಿಯಲ್ಲಿ ತಿಂಗಳಿಗೆ ಇಪ್ಪತ್ತು ಸಾವಿರ ಸೊಳ್ಳೆಗಳಿದ್ದರೆ ಮೂರು ತಿಂಗಳಲ್ಲಿ ಒಬ್ಬ ರೋಗಿಯ ಜಾಗದಲ್ಲಿ ಒಂದೂಕಾಲು ರೋಗಿಗಳು ಹುಟ್ಟಿಕೊಳ್ಳುತ್ತಾರೆ. ನೂರು ರೋಗಿಗಳು 125 ಆಗುತ್ತಾರೆ, ಬಳಿಕ 156 ಆಗುತ್ತಾರೆ. ಸೊಳ್ಳೆಗಳು ಹನ್ನೆರಡು ಸಾವಿರಕ್ಕೆ ಇಳಿದರೆ ಒಬ್ಬ ರೋಗಿಯ ಜಾಗದಲ್ಲಿ ಮುಕ್ಕಾಲು ರೋಗಿ ಮಾತ್ರ. ನೂರು ರೋಗಿಗಳು 75, ಬಳಿಕ 56, ಬಳಿಕ 42 ಎಂದು ಇಳಿಯುತ್ತ ಹೋಗುತ್ತಾರೆ. ಇಪ್ಪತ್ತು ಸಾವಿರಕ್ಕೂ ಹನ್ನೆರಡು ಸಾವಿರಕ್ಕೂ ಇರುವ ವ್ಯತ್ಯಾಸವನ್ನು ಹಳ್ಳಿಯ ಜನರು ಗುರುತಿಸಲಾರರು. ಎರಡು ಸಂದರ್ಭಗಳಲ್ಲಿಯೂ ರಾತ್ರಿ ಕಿವಿಯ ಬಳಿ ಸೊಳ್ಳೆ ಗುಂಯ್‌ಗುಟ್ಟುತ್ತಲೇ ಇರುತ್ತದೆ. ಆದರೆ ಒಂದರಲ್ಲಿ ಜ್ವರ ಬೆಳೆಯುತ್ತದೆ, ಇನ್ನೊಂದರಲ್ಲಿ ಅಳಿಯುತ್ತದೆ. ಇವೆರಡರ ನಡುವೆ ಎಲ್ಲಿಯೋ ಒಂದು ಗಡಿಯಿದೆ. ಆ ಗಡಿಯನ್ನು ಕಣ್ಣು ಕಾಣದು, ಕಿವಿ ಕೇಳದು; ಎಣಿಕೆ ಮಾತ್ರ ಕಾಣಬಲ್ಲುದು.

ರಾಸ್ ಅವರು ಲೋಕಕ್ಕೆ ನೀಡಿದ ದೊಡ್ಡ ಸಂದೇಶವಿದು. ಮಲೇರಿಯಾವನ್ನು ಗೆಲ್ಲಲು ಕೊನೆಯ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ. ಸೊಳ್ಳೆಗಳ ಸಂಖ್ಯೆಯನ್ನು ಗಡಿಯಿಂದ ಕೆಳಗಿಳಿಸಿ, ಅಲ್ಲಿಯೇ ಹಿಡಿದು ನಿಲ್ಲಿಸಿದರೆ ಸಾಕು. ರೋಗವು ತಾನಾಗಿಯೇ ಸೊರಗಿಹೋಗುತ್ತದೆ. ಅಸಾಧ್ಯವೆಂದು ಕೈಚೆಲ್ಲಿ ಕುಳಿತವರ ಮುಂದೆ ಅವರು ಸಾಧ್ಯವಾದ ಗುರಿಯೊಂದನ್ನು ಇಟ್ಟರು. 1908ರ ಮಾರಿಷಸ್ ವರದಿಯಲ್ಲಿಯೂ, 1910ರಲ್ಲಿ ಪ್ರಕಟವಾಗಿ ಮರುವರ್ಷ ಪರಿಷ್ಕಾರಗೊಂಡ ಮಲೇರಿಯಾ ನಿವಾರಣೆಯ ಕುರಿತ ಗ್ರಂಥದಲ್ಲಿಯೂ ಈ ವಿಚಾರವನ್ನು ಅವರು ಸಮೀಕರಣಗಳ ರೂಪದಲ್ಲಿ ಬೆಳೆಸಿದರು. 1916 ಮತ್ತು 1917ರಲ್ಲಿ ಹಿಲ್ಡಾ ಹಡ್ಸನ್ ಎಂಬ ಗಣಿತಜ್ಞೆಯ ನೆರವಿನಿಂದ ಅದನ್ನು ಎಲ್ಲ ಸಾಂಕ್ರಾಮಿಕ ರೋಗಗಳಿಗೂ ಅನ್ವಯವಾಗುವಂತೆ ವಿಸ್ತರಿಸಿದರು. ಇಂತಹ ಸಮೀಕರಣಗಳ ಸಮೂಹವನ್ನು ಇಂದು ಗಣಿತ ಮಾದರಿ ಎಂದು ಕರೆಯುತ್ತಾರೆ. ಬೊಂಬೆ ಮಾಡುವವನು ಮಣ್ಣಿನಲ್ಲಿ ಆನೆಯ ಆಕಾರವನ್ನು ತೋರಿಸುವಂತೆ ಗಣಿತಜ್ಞನು ಸಂಖ್ಯೆಗಳಲ್ಲಿ ರೋಗದ ನಡೆಯನ್ನು ತೋರಿಸುತ್ತಾನೆ. ಬೊಂಬೆಯು ನಿಜವಾದ ಆನೆಯಲ್ಲ. ಆದರೆ ಆನೆಯನ್ನು ಅರಿಯಲು ಅದು ನೆರವಾಗುತ್ತದೆ.

ಮಾದರಿಯು ಮಂತ್ರವಲ್ಲ ಎಂಬುದನ್ನು ರಾಸ್ ಅವರು ಬಲ್ಲರು. ನಾಲ್ಕರಲ್ಲಿ ಒಂದು, ಮೂರರಲ್ಲಿ ಒಂದು ಎಂಬ ಭಿನ್ನರಾಶಿಗಳು ಅಂದಿನ ಅಂದಾಜುಗಳು. ಅಳತೆ ತಪ್ಪಾದರೆ ಲೆಕ್ಕವು ಎಷ್ಟೇ ಚೆನ್ನಾಗಿದ್ದರೂ ಉತ್ತರ ತಪ್ಪುತ್ತದೆ. ಆದುದರಿಂದಲೇ ಮೊದಲು ಅಳೆಯಬೇಕು, ಬಳಿಕ ಲೆಕ್ಕ ಹಾಕಬೇಕು, ಲೆಕ್ಕ ಹೇಳಿದ್ದು ಊರಿನಲ್ಲಿ ನಿಜವಾಯಿತೇ ಎಂದು ಮತ್ತೆ ಅಳೆದು ನೋಡಬೇಕು. ಈ ಮೂರು ಹೆಜ್ಜೆಗಳಲ್ಲಿ ಯಾವುದನ್ನು ಬಿಟ್ಟರೂ ದಾರಿ ತಪ್ಪುತ್ತದೆ.

ಇಂಜಿನಿಯರಿಂಗ್ ಕ್ಷೇತ್ರಕ್ಕೂ ಇದೇ ನಿಯಮ. ರಾಸ್ ಅವರ ಮಾರಿಷಸ್ ವರದಿ ಸಿದ್ಧವಾದ 1908ರ ಸೆಪ್ಟೆಂಬರಿನಲ್ಲಿಯೇ ಹೈದರಾಬಾದಿನ ಮೂಸಿ ನದಿಗೆ ಮಹಾಪ್ರವಾಹ ಬಂದು ಸಾವಿರಾರು ಜನರು ಮಡಿದರು. ನಿಜಾಮ ಸರ್ಕಾರವು ಮುಂದಿನ ವರ್ಷ ಕನ್ನಡ ನಾಡಿನ ಇಂಜಿನಿಯರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಯಿಸಿತು. ಅವರು ಮಳೆಯ ದಾಖಲೆಗಳನ್ನು ಪರಿಶೀಲಿಸಿ, ನದಿಗೆ ಎಷ್ಟು ನೀರು ಹರಿದುಬರಬಲ್ಲುದೆಂದು ಲೆಕ್ಕ ಹಾಕಿ, ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಇದರ ಫಲ. ಒಬ್ಬರು ನೀರನ್ನು ಅಳೆದರು, ಇನ್ನೊಬ್ಬರು ಜ್ವರವನ್ನು ಅಳೆದರು. ಬರಲಿರುವ ಆಪತ್ತನ್ನು ಅದು ಬರುವ ಮೊದಲೇ ಲೆಕ್ಕದಲ್ಲಿ ಕಂಡು ತಡೆಯಬೇಕೆಂಬುದು ಇಬ್ಬರ ನಿಲುವೂ ಆಗಿತ್ತು.

ರಾಸ್ ಅವರು ಹಚ್ಚಿದ ದೀಪವು ಕೈಯಿಂದ ಕೈಗೆ ಸಾಗಿತು. ಸಿಯೆರಾ ಲಿಯೋನಿಗೆ ಅವರ ಜೊತೆ ಹೋಗಿದ್ದ ಮೆಕೆಂಡ್ರಿಕ್ ಎಂಬ ತರುಣ ವೈದ್ಯನು ಮುಂದೆ ಭಾರತದಲ್ಲಿ ಸೇವೆ ಸಲ್ಲಿಸಿ ಗಣಿತದಲ್ಲಿ ಪಾರಂಗತನಾದನು. ಕೆರ್ಮ್ಯಾಕ್ ಎಂಬ ವಿಜ್ಞಾನಿಯ ಜೊತೆಗೂಡಿ ಅವನು 1927ರಲ್ಲಿ ಸಾಂಕ್ರಾಮಿಕ ರೋಗಗಳ ಏರಿಳಿತವನ್ನು ವಿವರಿಸುವ ಪ್ರಸಿದ್ಧ ಮಾದರಿಯನ್ನು ರಚಿಸಿದನು. 1905 ಮತ್ತು 1906ರಲ್ಲಿ ಮುಂಬಯಿಯಲ್ಲಿ ಪ್ಲೇಗಿನಿಂದ ವಾರವಾರವೂ ಸತ್ತವರ ಸಂಖ್ಯೆಗಳೊಡನೆ ಆ ಮಾದರಿಯನ್ನು ಹೋಲಿಸಿ ನೋಡಲಾಯಿತು. 2020ರಲ್ಲಿ ಕೊರೋನಾ ರೋಗವು ಲೋಕವನ್ನು ಆವರಿಸಿದಾಗ, ಒಬ್ಬ ರೋಗಿಯಿಂದ ಎಷ್ಟು ಮಂದಿಗೆ ರೋಗ ತಗಲುತ್ತದೆ, ಆ ಸಂಖ್ಯೆಯನ್ನು ಒಂದಕ್ಕಿಂತ ಕೆಳಗೆ ತರುವುದು ಹೇಗೆ ಎಂದು ಎಲ್ಲ ದೇಶಗಳ ವಿಜ್ಞಾನಿಗಳೂ ಲೆಕ್ಕ ಹಾಕಿದರು. ಆ ಲೆಕ್ಕದ ಬೇರು ಮಾರಿಷಸ್ ವರದಿಯವರೆಗೂ ಹೋಗುತ್ತದೆ.

ಭಾರತವು ಸ್ವತಂತ್ರವಾದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತೆಂದೂ ಎಂಟು ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜು ಮಾಡಲಾಗಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಮನೆ ಮನೆಗೆ ಡಿ.ಡಿ.ಟಿ. ಸಿಂಪಡಿಸಿದರು. 1960ರ ದಶಕದ ಮಧ್ಯದ ವೇಳೆಗೆ ರೋಗಿಗಳ ಸಂಖ್ಯೆ ಒಂದು ಲಕ್ಷದಷ್ಟಕ್ಕೆ ಇಳಿಯಿತು. ಗೆದ್ದೆವೆಂದು ಹಲವೆಡೆ ಕಾವಲು ಸಡಿಲವಾಯಿತು; ಸೊಳ್ಳೆಗಳು ಔಷಧಕ್ಕೆ ಜಗ್ಗದಂತಾದವು. 1976ರಲ್ಲಿ ರೋಗಿಗಳು ಮತ್ತೆ ಅರವತ್ತನಾಲ್ಕು ಲಕ್ಷವಾದರು. ಗಡಿಯಿಂದ ಕೆಳಗಿಳಿಸಿದರೆ ಸಾಲದು, ಅಲ್ಲಿಯೇ ಹಿಡಿದು ನಿಲ್ಲಿಸಬೇಕೆಂಬ ರಾಸ್ ಅವರ ಲೆಕ್ಕವನ್ನು ಮರೆತುದಕ್ಕೆ ದೇಶವು ತೆತ್ತ ಬೆಲೆಯಿದು. ಆ ಬಳಿಕ ಮತ್ತೆ ಎಚ್ಚರ ವಹಿಸಿದ್ದರಿಂದ ರೋಗವು ಬಹುಮಟ್ಟಿಗೆ ತಗ್ಗಿದೆ.

ರಾಸ್ ಅವರಿಗೆ 1911ರಲ್ಲಿ ಸರ್ ಪದವಿ ಬಂದಿತು. 1926ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಶೋಧನ ಸಂಸ್ಥೆಯು ಸ್ಥಾಪನೆಯಾಯಿತು. 1927ರ ಜನವರಿಯಲ್ಲಿ ಅವರು ಕಲ್ಕತ್ತೆಗೆ ಬಂದು, ತಾವು ಹಿಂದೆ ದುಡಿದಿದ್ದ ಆಸ್ಪತ್ರೆಯ ಬಳಿ ನಿರ್ಮಾಣವಾಗಿದ್ದ ತಮ್ಮ ಹೆಸರಿನ ಸ್ಮಾರಕದ ಬಾಗಿಲನ್ನು ಕಂಡು ಹೋದರು. ಅದೇ ವರ್ಷ ಪಾರ್ಶ್ವವಾಯು ಬಡಿಯಿತು. 1932ರ ಸೆಪ್ಟೆಂಬರ್ 16ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ತಮ್ಮ ಹೆಸರಿನ ಸಂಸ್ಥೆಯಲ್ಲಿಯೇ ಅವರು ಕೊನೆಯುಸಿರೆಳೆದರು. ಅವರ ಶೋಧದ ನೆನಪಿಗಾಗಿ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವೆಂದು ಆಚರಿಸಲಾಗುತ್ತಿದೆ.

ಇಂದಿಗೂ ಮಳೆಗಾಲ ಬಂತೆಂದರೆ ಹಳ್ಳಿಖೇಡದಂತಹ ಊರುಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆ ಮನೆಗೆ ಬರುತ್ತಾರೆ. ನೀರಿನ ತೊಟ್ಟಿ, ಡ್ರಮ್ಮು, ಕೊಡಗಳ ಮುಚ್ಚಳ ತೆರೆದು ಬಗ್ಗಿ ನೋಡುತ್ತಾರೆ. ಹುಳುಗಳಿರುವ ನೀರನ್ನು ಚೆಲ್ಲಿಸಿ, ನೂರು ಮನೆಗಳಲ್ಲಿ ಎಷ್ಟು ಮನೆಗಳಲ್ಲಿ ಹುಳು ಕಂಡಿತು ಎಂದು ಬರೆದುಕೊಳ್ಳುತ್ತಾರೆ. ನೋಡುವವರಿಗೆ ಅದು ಬರಿಯ ಸಂಖ್ಯೆ. ಆದರೆ ಆ ಸಂಖ್ಯೆಯು ಮುಂದಿನ ತಿಂಗಳು ಊರಿನಲ್ಲಿ ಜ್ವರ ಹಬ್ಬುವುದೋ ತಗ್ಗುವುದೋ ಎಂಬುದರ ಮುನ್ಸೂಚನೆ. ಬೆಂಗಳೂರಿನ ಒಂದು ತೊಟ್ಟಿಯನ್ನು ಬಗ್ಗಿ ನೋಡಿದ ತರುಣ ವೈದ್ಯನಿಂದ ಆರಂಭವಾದ ಕೆಲಸವು ಪ್ರತಿ ಮಳೆಗಾಲದಲ್ಲಿಯೂ ಹೀಗೆ ಮುಂದುವರಿಯುತ್ತದೆ. ಮನೆಗೆ ಬಂದವರಿಗೆ ತೊಟ್ಟಿಯನ್ನು ತೋರಿಸಿ, ಲೆಕ್ಕವನ್ನು ಸರಿಯಾಗಿ ಕೊಡುವವರೆಲ್ಲರೂ ಆ ಕೆಲಸದಲ್ಲಿ ಪಾಲುದಾರರೇ.